ಡಿಸ್ಕ್ ಪದೇ ಪದೇ ಹೋಗ್ತಿದ್ರೆ ಡಿಸ್ಕಿಗೇ ಯಾಕೆ ಬೈತೀರ

ಮನೇಲಿ ಫೈಲಿಡೋಕೆ ಸದಾ ಓಡ್ತಿರೋ ಕಂಪ್ಯೂಟರಲ್ಲಿ, ಅಂದ್ರೆ ಸರ್ವರಲ್ಲಿ, ಹಾರ್ಡ್ ಡಿಸ್ಕ್ ಮತ್ತೆ ಮತ್ತೆ ಕೆಡ್ತಿದ್ರೆ ಕಾರಣ ಹೇಗೆ ಹುಡುಕೋದು ಅಂತ ಶಿವಮೊಗ್ಗದಲ್ಲಿ ಒಂದಷ್ಟು ಜನ ಸೇರಿದ್ದಾಗ ಮಾತಾಡಿದ್ದು ಇದು. ಬರೋಕಾಗದಿದ್ದವರು ಬರೆದು ಹಾಕಿ ಅಂದ್ರು, ಅದಕ್ಕೆ ಬರೀತಿದೀನಿ, ಹೆಚ್ಚುಕಮ್ಮಿ ಮಾತಾಡಿದ ಹಾಗೇ ಬಿಟ್ಟಿದೀನಿ, ಮಧ್ಯ ಮಧ್ಯ ಕೇಳಿದ ಪ್ರಶ್ನೆಗಳೂ ಸೇರಿ.

ಮೊದ್ಲು ಒಂದು ಸಣ್ಣ ಲೆಕ್ಕ. ಅಮೆರಿಕದಲ್ಲಿ ಬ್ಯಾಕ್‌ಬ್ಲೇಜ್ ಅಂತ ಕಂಪನಿ ಇದೆ, ಜನರ ಬ್ಯಾಕಪ್ ಇಟ್ಕೊಡೋದೇ ಅವರ ವ್ಯಾಪಾರ, ಲಕ್ಷಗಟ್ಟಲೆ ಹಾರ್ಡ್ ಡಿಸ್ಕ್ ಹಗಲೂ ರಾತ್ರಿ ಓಡ್ತಿರ್ತಾವೆ ಅವರ ಹತ್ರ, 2013ರಿಂದ ಯಾವ ಮಾಡೆಲ್ ಎಷ್ಟು ಕೆಟ್ಟೋಯ್ತು ಅಂತ ದಿನದ ಲೆಕ್ಕ ಇಟ್ಟು ಎಲ್ರಿಗೂ ಸಿಗೋ ಹಾಗೆ ಹಾಕ್ತಾರೆ. ಅದ್ರಲ್ಲಿ ಈಚಿನ ವರ್ಷಗಳದ್ದು ನೋಡಿದ್ರೆ ನೂರು ಡಿಸ್ಕಿಗೆ ವರ್ಷಕ್ಕೆ ಒಂದೋ ಎರಡೋ ಹೋಗುತ್ತೆ, ಅಷ್ಟೇ. ಈಗ ನಿಮ್ಮನೇಲಿ ನಾಲ್ಕು ಡಿಸ್ಕಿನ ಸರ್ವರ್ ಇದೆ ಅನ್ಕೊಳ್ಳಿ. ಒಂದೂವರೆ ಪರ್ಸೆಂಟ್ ಲೆಕ್ಕ ಹಿಡಿದ್ರೆ ಒಂದು ವರ್ಷದಲ್ಲಿ ನಾಲ್ಕರಲ್ಲಿ ಯಾವುದೋ ಒಂದು ಹೋಗೋ ಸಾಧ್ಯತೆ ನೂರಕ್ಕೆ ಆರು. ಅದು ಆಗಬಹುದಾದ್ದೇ, ಹೋದ್ರೆ ಅಯ್ಯೋ ಅಂತ ಇನ್ನೊಂದು ತಂದು ಹಾಕೋದು. ಆದ್ರೆ ಒಂದೇ ವರ್ಷದಲ್ಲಿ ನಾಲ್ಕರಲ್ಲಿ ಮೂರು, ಒಂದಕ್ಕೊಂದು ಸಂಬಂಧ ಇಲ್ದೆ, ಬರೀ ಗ್ರಹಚಾರದಿಂದ ಹೋಗೋ ಸಾಧ್ಯತೆ ಲಕ್ಷಕ್ಕೆ ಒಂದೋ ಎರಡೋ. ಅಷ್ಟು ಕೆಟ್ಟ ಗ್ರಹಚಾರ ಇರೋರು ಇರಬಹುದು, ಆದ್ರೆ ನೀವಲ್ಲ ಅಂತಲೇ ಅಂದ್ಕೊಂಡು ಹುಡುಕೋಕೆ ಶುರು ಮಾಡಿ.

ಒಂದೇ ಗುಂಡೀಲಿ ನೆಟ್ಟ ಅಡಿಕೆ ಸಸಿ ಮೂರು ಸಲ ಸತ್ರೆ ನರ್ಸರಿಯವನಿಗೆ ಬೈತಾ ಕೂರ್ತೀವಾ, ಗುಂಡಿ ಕೆದಕಿ ನೋಡ್ತೀವಿ ತಾನೆ. ಇಲ್ಲೂ ಅಷ್ಟೇ. ಆದ್ರೆ ಜನ ಮಾಡೋದೇನು, ಒಂದು ಡಿಸ್ಕ್ ಹೋದ್ರೆ ಆ ಕಂಪನಿ ಸರಿ ಇಲ್ಲ ಅಂತ ಇನ್ನೊಂದು ಕಂಪನೀದು ತರ್ತಾರೆ, ಅದೂ ಹೋದ್ರೆ ಜಾಸ್ತಿ ದುಡ್ಡಿಂದು ತರ್ತಾರೆ, ಅದೂ ಹೋದ್ರೆ ಸರ್ವರ್ ಸಹವಾಸವೇ ಬೇಡ ಅಂತ ಎಲ್ಲಾ ಫೋಟೋನೂ ಗೂಗಲ್ಲಿಗೆ ಹಾಕಿ ಕೂತ್ಕೊಳ್ತಾರೆ.

ಒಂದು ಕೇಸ್ ಹೇಳ್ತೀನಿ. ತೀರ್ಥಹಳ್ಳಿ ಕಡೆ ಒಬ್ರು ಮದುವೆ ಫೋಟೋ ವೀಡಿಯೋ ಮಾಡೋರು, ತೋಟದ ಮನೆ, ಹಳೇ ಆಫೀಸ್ ಪಿಸಿ ಒಂದಕ್ಕೆ ನಾಲ್ಕು ಡಿಸ್ಕ್ ಹಾಕಿ ಲಿನಕ್ಸಲ್ಲಿ ರೇಡ್ 5 (ಡಿಸ್ಕೆಲ್ಲ ಸೇರಿ ಒಂದೇ ಡಿಸ್ಕಿನ ಹಾಗೆ, ಒಂದು ಹೋದ್ರೂ ಡೇಟಾ ಉಳಿಯೋ ಜೋಡಣೆ) ಮಾಡಿ ಅಟ್ಟದ ಮೇಲೆ ಇಟ್ಟಿದ್ರು. ಸೆಟಪ್ ಚೆನ್ನಾಗೇ ಇತ್ತು, ತಮಾಷೆಗೆ ಹೇಳ್ತಿಲ್ಲ, ನೆಟ್ಟಗೆ ಓದ್ಕೊಂಡು ಮಾಡಿದ್ರು. ಮೊದಲು ಒಂದು ಡಿಸ್ಕ್ ರೇಡಿಂದ ಹೊರಗೆ ಬಿತ್ತು, ವಾರಂಟೀಲಿ ಕಳಿಸಿದ್ರು, ಬೇರೆ ಬಂತು. ಬಂದ ಡಿಸ್ಕೂ ಮಳೆಗಾಲ ಮುಗಿಯೋದ್ರೊಳಗೆ ಹೊರಗೆ ಬಿತ್ತು. ಅದನ್ನೇ ಮತ್ತೆ ರೇಡಿಗೆ ಸೇರಿಸಿದ್ರು, ಆಮೇಲೆ ಪಕ್ಕದ್ದು ಬಿತ್ತು. ಅಷ್ಟೊತ್ತಿಗೆ ಫೋನ್ ಮಾಡಿದ್ರು, "ಎಂತ ಮಾರಾಯ್ರೆ, ಈ ಡಿಸ್ಕ್ ಮಾಡೋರು ಮೋಸ ಮಾಡ್ತಿದಾರೆ, ಯಾವ ಕಂಪನೀದು ತಗೊಳ್ಲಿ ಹೇಳಿ" ಅಂತ. ಹೊಸ ಡಿಸ್ಕ್ ಈಗ ತಗೋಬೇಡಿ, ಹೊರಗೆ ಬಿದ್ದಿದ್ದು ಎರಡೂ ಎಸೀಬೇಡಿ, ನಾನು ಬರೋವರೆಗೆ ರೀಬಿಲ್ಡ್ ಮಾಡ್ಬೇಡಿ ಅಂತ ಹೇಳಿ ಫೋನ್ ಇಟ್ಟೆ. ಈ ಮೂರು ಮಾತು ನಿಮಗೂ ಹೇಳ್ತಿದೀನಿ, ಬೇರೆ ಎಲ್ಲಾ ಮರೆತ್ರೂ ಪರವಾಗಿಲ್ಲ. ರೀಬಿಲ್ಡ್ ಅಂದ್ರೆ ಹೋದ ಡಿಸ್ಕಲ್ಲಿದ್ದಿದ್ದನ್ನ ಹೊಸದ್ರಲ್ಲಿ ಮತ್ತೆ ಕಟ್ಟೋಕೆ ಉಳಿದ ಎಲ್ಲಾ ಡಿಸ್ಕನ್ನೂ ತಲೆಯಿಂದ ಬುಡದವರೆಗೆ ಓದೋ ಕೆಲಸ, ತಾಸುಗಟ್ಟಲೆ, ಈಗಿನ ದೊಡ್ಡ ಡಿಸ್ಕಾದ್ರೆ ದಿನಗಟ್ಟಲೆ. ಕಾರಣ ಗೊತ್ತಿಲ್ದೆ ಅದನ್ನ ಶುರು ಮಾಡಿದ್ರೆ, ಆ ಕಾರಣ ಮಧ್ಯದಲ್ಲಿ ಇನ್ನೊಂದು ಡಿಸ್ಕನ್ನ ಹೊರಗೆ ಹಾಕುತ್ತೆ, ರೇಡ್ 5ರಲ್ಲಿ ಎರಡು ಹೊರಗೆ ಬಿದ್ರೆ ಮುಗೀತು. ಮೊದ್ಲು ಮಾಡಬೇಕಾದ್ದು ಇರೋದನ್ನ ಬೇರೆ ಕಡೆ ಕಾಪಿ ಮಾಡ್ಕೊಳ್ಳೋದು, ಬೇಕೇ ಬೇಕಾದ್ದನ್ನ ಮೊದ್ಲು.

ಹೊರಗೆ ಬೀಳೋದು ಅಂದ್ರೆ ಸಾಯೋದು ಅಂತಲ್ಲ, ಇದೇ ಎಲ್ರೂ ಎಡವೋ ಜಾಗ. ರೇಡಿಗೆ ಗೊತ್ತಿರೋದು ಒಂದೇ, ಕೇಳಿದ್ದಕ್ಕೆ ಡಿಸ್ಕ್ ಟೈಮಿಗೆ ಉತ್ತರ ಕೊಡ್ತಾ ಇಲ್ವಾ ಅಂತ. ಉತ್ತರ ಬರದೇ ಇರೋದಕ್ಕೆ ಪ್ಲ್ಯಾಟರ್, ಅಂದ್ರೆ ಒಳಗೆ ತಿರುಗೋ ತಟ್ಟೆ, ಹಾಳಾಗಿರಬಹುದು, ಡೇಟಾ ಕೇಬಲ್ ಸಡಿಲ ಇರಬಹುದು, ಪವರ್ ಒಂದು ಗಳಿಗೆ ಹೋಗಿ ಬಂದಿರಬಹುದು, ಮದರ್‌ಬೋರ್ಡಿನ ಪೋರ್ಟೇ ಹಾಳಾಗಿರಬಹುದು, ಅಥವಾ ಡಿಸ್ಕ್ ಆರೋಗ್ಯವಾಗೇ ಇದ್ದು ಒಂದು ಸೆಕ್ಟರನ್ನ, ಅಂದ್ರೆ ಡೇಟಾ ಕೂರೋ ಒಂದು ಸಣ್ಣ ತುಂಡು ಜಾಗವನ್ನ, ಓದೋಕೆ ತಿಣುಕಾಡ್ತಾ ಇರಬಹುದು. ಈ ಕೊನೇದು ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಲ್ಲಿ ಬಹಳ. ಓದೋಕಾಗದ ಸೆಕ್ಟರ್ ಸಿಕ್ರೆ ಅದು ನಿಮಿಷಕ್ಕೂ ಮೇಲೆ ಮತ್ತೆ ಮತ್ತೆ ಪ್ರಯತ್ನ ಮಾಡ್ತಿರುತ್ತೆ, ಲಿನಕ್ಸ್ ಕರ್ನಲ್ (ಅದರ ತಿರುಳು) ಮಾಮೂಲಿಯಾಗಿ 30 ಸೆಕೆಂಡ್ ಕಾದು ಇದು ಸತ್ತೋಯ್ತು ಅಂತ ಲಿಂಕ್ ರೀಸೆಟ್ ಮಾಡುತ್ತೆ, ಅಂದ್ರೆ ಸಂಪರ್ಕ ಕಡಿದು ಮತ್ತೆ ಜೋಡಿಸುತ್ತೆ, ಅಲ್ಲಿಗೆ ಡಿಸ್ಕ್ ಹೊರಗೆ. ನ್ಯಾಸ್, ಅಂದ್ರೆ ನೆಟ್‌ವರ್ಕಲ್ಲಿ ಫೈಲ್ ಇಡೋ ಪೆಟ್ಟಿಗೆ, ಅದಕ್ಕೇ ಅಂತ ಮಾರೋ ಡಿಸ್ಕ್ 7 ಸೆಕೆಂಡಿಗೆ ಕೈಬಿಟ್ಟು ಓದೋಕಾಗ್ಲಿಲ್ಲ ಅಂತ ಮರ್ಯಾದೆಯಿಂದ ಹೇಳ್ಬಿಡುತ್ತೆ, ಆಗ ರೇಡ್ ಉಳಿದ ಡಿಸ್ಕಿಂದ ಲೆಕ್ಕ ಹಾಕಿ ಅದನ್ನ ಮತ್ತೆ ಬರೆದು ಸರಿ ಮಾಡ್ಕೊಳ್ಳುತ್ತೆ. ಈ ಸೆಟ್ಟಿಂಗಿಗೆ ಇಆರ್‌ಸಿ ಅಂತ ಹೆಸರು, ಕೆಲವು ಡೆಸ್ಕ್‌ಟಾಪ್ ಡಿಸ್ಕಲ್ಲೂ ಆನ್ ಮಾಡಬಹುದು, ಆಗದಿದ್ರೆ ಕರ್ನಲ್ಲಿಗೆ ಕಾಯೋ ಟೈಮ್ 180 ಸೆಕೆಂಡ್ ಮಾಡಿ. ಒಂದು ಸಾಲಿನ ಕೆಲಸ, ಬೂಟ್ ಆದಾಗೆಲ್ಲ ಓಡೋ ಹಾಗೆ ಹಾಕಿಡಿ.

ಈಗ ಸ್ಮಾರ್ಟ್. ಪ್ರತಿ ಡಿಸ್ಕೂ ತನ್ನೊಳಗೆ ಒಂದು ಜಾತಕ ಇಟ್ಕೊಂಡಿರುತ್ತೆ, ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿದ್ರೆ ಓದಬಹುದು. ಉದ್ದದ ಪಟ್ಟಿ ಬರುತ್ತೆ, ನೋಡಿ ಹೆದರಬೇಡಿ. ಅದ್ರಲ್ಲಿ 5ನೇ ನಂಬರು ಕೆಟ್ಟು ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರ್ ಎಷ್ಟು ಅಂತ, 197 ಓದೋಕಾಗದೆ ತೀರ್ಮಾನಕ್ಕೆ ಕಾಯ್ತಿರೋದು, 198 ಡಿಸ್ಕ್ ತಾನೇ ಪರೀಕ್ಷೆ ಮಾಡ್ಕೊಂಡಾಗ ಓದೋಕಾಗದೇ ಉಳಿದಿದ್ದು. ಈ ಮೂರು ಡಿಸ್ಕಿನ ಮೈಯದ್ದು. 199 ಅಂದ್ರೆ ಸಿಆರ್‌ಸಿ ಎರರ್, ಡಿಸ್ಕಿಗೂ ಬೋರ್ಡಿಗೂ ಮಧ್ಯ ದಾರೀಲಿ ಡೇಟಾ ಕೆಟ್ಟಿದ್ದು, ಇದು ಹೆಚ್ಚಿನ ಸಲ ಕೇಬಲ್ಲು ಇಲ್ಲಾ ಕನೆಕ್ಟರ್ರು. ಇನ್ನು 12 ಎಷ್ಟು ಸಲ ಆನ್ ಆಗಿದೆ ಅಂತ, 192 ಹೇಳದೆ ಕೇಳದೆ ಪವರ್ ಹೋಗಿ ಓದಿ ಬರೆಯೋ ತಲೆಯನ್ನ ದಡಬಡ ಒಳಗೆ ಎಳ್ಕೊಂಡಿದ್ದು ಎಷ್ಟು ಸಲ ಅಂತ. ಈ ಕೊನೆ ಎರಡನ್ನ ಯಾರೂ ನೋಡೋದೇ ಇಲ್ಲ, ಮಲೆನಾಡಲ್ಲಿ ಮೊದ್ಲು ನೋಡಬೇಕಾದ್ದು ಅವನ್ನೇ ಅಂತ ನನ್ನ ಅಭಿಪ್ರಾಯ. ಪವರ್ ಹೋದಾಗ ಡಿಸ್ಕ್ ಏನ್ ಮಾಡುತ್ತೆ ಗೊತ್ತಾ, ತಿರುಗ್ತಾ ಇರೋ ಪ್ಲ್ಯಾಟರಿನ ವೇಗದಿಂದಲೇ ಮೋಟಾರನ್ನ ಡೈನಮೋ ಮಾಡ್ಕೊಂಡು, ಆ ಚೂರು ಕರೆಂಟಲ್ಲಿ ತಲೆಯನ್ನ ಪಾರ್ಕ್ ಮಾಡ್ಬಿಡುತ್ತೆ. ಭಾರಿ ಜಾಣ ವ್ಯವಸ್ಥೆ. ಆದ್ರೆ ದಿನಾ ಮಾಡಿಸೋಕೆ ಇರೋದಲ್ಲ.

ಸ್ಮಾರ್ಟ್ ಚೆನ್ನಾಗಿದೆ ಅಂದ್ರೆ ಡಿಸ್ಕ್ ಚೆನ್ನಾಗಿದೆ ಅಂತಲೂ ಅಲ್ಲ. 2007ರಲ್ಲಿ ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಹೊರಗೆ ತಂದ್ರು, ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸದೇ ಸತ್ತಿದ್ವು. ಹಾಗಾದ್ರೆ ನೋಡೋದ್ಯಾಕೆ ಅಂದ್ರೆ, ಸೂಚನೆ ಬಂದಾಗ ಅದು ಗಟ್ಟಿ ಸೂಚನೆ. ಅದೇ ಅಧ್ಯಯನದಲ್ಲಿ ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಸಾಯೋ ಸಾಧ್ಯತೆ ಎರರ್ ಇಲ್ದಿರೋದಕ್ಕಿಂತ 39 ಪಟ್ಟು ಜಾಸ್ತಿ ಇತ್ತು. ಇನ್ನೊಂದು ವಿಷಯ, ಅದ್ರಲ್ಲಿ ಡಿಸ್ಕಿನ ಬಿಸಿಗೂ ಸಾವಿಗೂ ಜನ ಅಂದ್ಕೊಂಡಷ್ಟು ಸಂಬಂಧ ಸಿಗಲಿಲ್ಲ. ಫ್ಯಾನ್ ಬೇಡ ಅಂತಲ್ಲ ಮತ್ತೆ, 50 ಡಿಗ್ರಿ ದಾಟಿಸ್ಬೇಡಿ. ಆದ್ರೆ ನಮ್ಮೂರಲ್ಲಿ ಡಿಸ್ಕ್ ಹೋದ ಕೂಡ್ಲೆ ಎಲ್ರೂ ಹೇಳೋ ಮೊದಲ ಮಾತು ಹೀಟ್ ಆಗಿರಬೇಕು ಅಂತ, ಅಟ್ಟದ ಮೇಲೆ ಜುಲೈ ತಿಂಗಳಲ್ಲಿ, ಹೊರಗೆ ಇಪ್ಪತ್ತು ಡಿಗ್ರಿ ಇರುವಾಗ.

ತೀರ್ಥಹಳ್ಳಿ ಕೇಸಿಗೆ ಬರ್ತೀನಿ. ಹೊರಗೆ ಬಿದ್ದ ಎರಡು ಡಿಸ್ಕನ್ನೂ ಬೇರೆ ಒಳ್ಳೇ ಮಷಿನಿಗೆ ಹಾಕಿ ಲಾಂಗ್ ಟೆಸ್ಟ್, ಅಂದ್ರೆ ಡಿಸ್ಕ್ ತನ್ನನ್ನ ತಾನೇ ಪೂರ್ತಿ ಓದಿ ನೋಡ್ಕೊಳ್ಳೋ ಪರೀಕ್ಷೆ, ಓಡಿಸಿದ್ವಿ. ಒಂದು ಸಲೀಸಾಗಿ ಪಾಸಾಯ್ತು, 5ನೇ ನಂಬರ್ ಸೊನ್ನೆ. ಇನ್ನೊಂದರಲ್ಲಿ 197ರಲ್ಲಿ ಕೆಲವು ಸೆಕ್ಟರ್ ಕಾಯ್ತಾ ಇದ್ವು, ಡೇಟಾ ಮೊದ್ಲೇ ಕಾಪಿ ಆಗಿದ್ರಿಂದ ಪೂರ್ತಿ ಡಿಸ್ಕನ್ನ ಅಳಿಸಿ ಒಂದು ಸಲ ಸೊನ್ನೆ ಬರೆದ ಮೇಲೆ ಅವೂ ಮಾಯ ಆದ್ವು, 5 ಮಾತ್ರ ಏರಲಿಲ್ಲ. ಇದು ಬಹಳ ಮುಖ್ಯವಾದ ಗುರುತು. ಜಾಗ ನಿಜವಾಗ್ಲೂ ಕೆಟ್ಟಿದ್ರೆ ಬರೆದಾಗ ಡಿಸ್ಕ್ ಅದನ್ನ ಬದಲಿ ಜಾಗಕ್ಕೆ ಕಳಿಸಿ 5ನ್ನ ಏರಿಸ್ತಿತ್ತು. ಏರಿಲ್ಲ ಅಂದ್ರೆ ಮೇಲ್ಮೈ ಚೆನ್ನಾಗಿದೆ, ಬರೆಯುವಾಗ ಕೈ ನಡುಗಿದೆ ಅಷ್ಟೇ, ಬರೀತಾ ಇದ್ದಾಗ ಪವರ್ ಕುಸಿದ್ರೆ ಹೀಗಾಗುತ್ತೆ. ಎರಡರಲ್ಲೂ 192 ಮತ್ತು 199 ಮಾತ್ರ ಏರಿ ಕೂತಿತ್ತು, ಅದೇ ಪೆಟ್ಟಿಗೇಲಿದ್ದ ಉಳಿದ ಎರಡರಲ್ಲಿ ಹಾಗಿಲ್ಲ. ಪೆಟ್ಟಿಗೆ ಒಂದೇ, ಕರೆಂಟ್ ಒಂದೇ, ಆದ್ರೆ ಎರಡಕ್ಕೆ ಮಾತ್ರ ತೊಂದರೆ ಅಂದ್ರೆ ಆ ಎರಡಕ್ಕೆ ಮಾತ್ರ ಸಾಮಾನ್ಯವಾದ್ದು ಏನು ಅಂತ ನೋಡ್ಬೇಕು.

ಪೆಟ್ಟಿಗೆ ಬಿಚ್ಚಿದ್ರೆ ಅಲ್ಲೇ ಇತ್ತು. ಕಂಪ್ಯೂಟರಿನ ಒಳಗೆ ಕರೆಂಟ್ ಹಂಚೋ ಪವರ್ ಸಪ್ಲೈಗೇ ಎಸ್‌ಎಂಪಿಎಸ್ ಅನ್ನೋದು. ಹಳೇ ಎಸ್‌ಎಂಪಿಎಸ್‌ನಲ್ಲಿ ಡಿಸ್ಕಿಗೆ ಪವರ್ ಕೊಡೋ ಸಾಟಾ ಪಿನ್ ಎರಡೇ, ನಾಲ್ಕು ಡಿಸ್ಕಿಗೆ ಸಾಲದು ಅಂತ ದೊಡ್ಡ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಎರಡು ಸಾಟಾಗೆ ಒಡೆಯೋ ಸ್ಪ್ಲಿಟರ್ ಹಾಕಿದ್ರು, ಅಗ್ಗದ್ದು. ಹೊರಗೆ ಬಿದ್ದ ಡಿಸ್ಕುಗಳೆಲ್ಲ ಆ ಸ್ಪ್ಲಿಟರಿನ ಎರಡು ಬಾಯಲ್ಲೇ ಇದ್ದಿದ್ದು. ಮೊದಲ ಡಿಸ್ಕ್ ಹೋದ ಜಾಗಕ್ಕೇ ವಾರಂಟಿ ಡಿಸ್ಕ್ ಹಾಕಿದ್ರಲ್ಲ, ಅದೇ ಬಾಯಿ. ಮೋಲೆಕ್ಸ್ ಪಿನ್ ಎಳೆದು ನೋಡಿದ್ರೆ ಕಪ್ಪಗೆ ಕಂದಿತ್ತು, ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಚೂರು ಹಳದಿಗೆ ತಿರುಗಿತ್ತು. ಮೂರೂವರೆ ಇಂಚಿನ ಡಿಸ್ಕ್ ಓಡ್ತಾ ಇರುವಾಗ ಹೆಚ್ಚು ತಿನ್ನಲ್ಲ, ಆದ್ರೆ ತಿರುಗೋಕೆ ಶುರು ಮಾಡೋ ಹೊತ್ತಲ್ಲಿ 12 ವೋಲ್ಟಿನ ದಾರೀಲಿ ಸುಮಾರು 2 ಆಂಪ್ ಎಳೆಯುತ್ತೆ, ಎರಡು ಡಿಸ್ಕಾದ್ರೆ 4 ಆಂಪ್ ಒಂದೇ ಕಪ್ಪಾದ ಪಿನ್ನಲ್ಲಿ. ಮಲ್ಟಿಮೀಟರ್ ಹಿಡಿದ್ವಿ, ಎಸ್‌ಎಂಪಿಎಸ್ ಕಡೆ 12 ಚೆನ್ನಾಗೇ ಇತ್ತು, ಸ್ಪ್ಲಿಟರಿನ ಆಚೆ ಡಿಸ್ಕ್ ಶುರುವಾಗೋ ಹೊತ್ತಲ್ಲಿ 11.2ಕ್ಕೆ ಇಳೀತಿತ್ತು. ಐದು ಪರ್ಸೆಂಟ್ ಆಚೀಚೆ ತಡ್ಕೊಳ್ಳುತ್ತೆ, ಅಂದ್ರೆ 11.4 ಕೆಳಗೆ ಇಳೀಬಾರದು. ಮೀಟರ್ ನಿಧಾನ, ಕಣ್ಣಿಗೆ ಕಂಡಿದ್ದೇ ಇಷ್ಟಾದ್ರೆ ಕಾಣದ ಕುಸಿತ ಇನ್ನೂ ಜಾಸ್ತಿ ಇರುತ್ತೆ. ಈ ಸ್ಪ್ಲಿಟರಲ್ಲಿ ಪ್ಲಾಸ್ಟಿಕ್ ಕರಗಿಸಿ ಅಚ್ಚು ಹೊಯ್ದಿರೋ ಜಾತಿ ಇದೆ, ಅದು ಒಳಗೊಳಗೇ ಶಾರ್ಟ್ ಆಗಿ ಹೊತ್ಕೊಂಡಿದ್ದೂ ಉಂಟು, ಬೇಕೇ ಬೇಕಂದ್ರೆ ತಂತಿಯನ್ನ ಒತ್ತಿ ಕೂರಿಸಿರೋ ಜಾತಿ ತಗೊಳ್ಳಿ, ಅದಕ್ಕಿಂತ ಸಾಕಷ್ಟು ಸಾಟಾ ಪಿನ್ ಇರೋ ಎಸ್‌ಎಂಪಿಎಸ್ಸೇ ತಗೊಂಡ್ಬಿಡಿ.

ಇಲ್ಲಿಗೆ ಸಿಕ್ತು ಅಂತ ಪೆಟ್ಟಿಗೆ ಮುಚ್ಚಿದ್ರೆ ಅರ್ಧ ಕೆಲಸ. ಪಿನ್ ಕಪ್ಪಾಗಿದ್ರೆ ಬೂಟಾಗುವಾಗ ತೊಂದರೆ ಕೊಡಬೇಕು, ಓಡ್ತಾ ಓಡ್ತಾ ಮಧ್ಯ ಯಾಕೆ ಬೀಳುತ್ತೆ? ಅದನ್ನ ಹೇಳಿದ್ದು ಅವರ ಹೆಂಡತಿ. ಟೀ ಕೊಡೋಕೆ ಬಂದವರು ನಿಂತು ಕೇಳ್ತಾ ಇದ್ದು, "ಅಣ್ಣ, ತೋಟದ ಪಂಪ್ ಹಾಕಿದ ಕೂಡ್ಲೆ ಮೇಲೆ ಟಿಕ್ ಅಂತ ಸದ್ದಾಗುತ್ತೆ, ನಾನು ಹಲ್ಲಿ ಅಂದ್ಕೊಂಡಿದ್ದೆ" ಅಂದ್ರು. ಹಲ್ಲಿ ಅಲ್ಲ ಅಕ್ಕ, ಅದೇ ಡಿಸ್ಕ್ ತಲೆ ಎಳ್ಕೊಳ್ಳೋ ಸದ್ದು. ಪಂಪ್ ಹಾಕಿ ನೋಡಿದ್ವಿ, ಟಿಕ್. ಲಾಗಲ್ಲಿ ಆ ಹೊತ್ತಿಗೇ ಲಿಂಕ್ ರೀಸೆಟ್.

ಆಗ್ತಾ ಇದ್ದಿದ್ದು ಇಷ್ಟು. ಪಂಪ್ ಶುರುವಾದಾಗ ಮನೆ ವೋಲ್ಟೇಜ್ 230ರಿಂದ ಧೊಪ್ಪಂತ ಇಳಿಯುತ್ತೆ, ಟ್ರಾನ್ಸ್‌ಫಾರ್ಮರಿಂದ (ಟಿಸಿ) ದೂರ ಇರೋ ಲೈನಿನ ಕೊನೇ ಮನೆ ಆದ್ರೆ ಕೇಳಲೇಬೇಡಿ. ಇಳಿದ ಕೂಡ್ಲೆ ಇನ್ವರ್ಟರ್ ಬ್ಯಾಟರಿಗೆ ತಿರುಗುತ್ತೆ. ನಮ್ಮನೆಗಳ ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತೆ ನೋಡಿ, ಯುಪಿಎಸ್ ಮೋಡು ನಾರ್ಮಲ್ ಮೋಡು ಅಂತ. ಯುಪಿಎಸ್ ಮೋಡಲ್ಲಿ ಬದಲಾಗೋಕೆ ಸುಮಾರು 10 ಮಿಲಿಸೆಕೆಂಡ್, ನಾರ್ಮಲ್ಲಲ್ಲಿ ಅದರ ಎರಡು ಮೂರು ಪಟ್ಟು. ಎಟಿಎಕ್ಸ್ ಎಸ್‌ಎಂಪಿಎಸ್ ಹೊಸದಾಗಿದ್ದಾಗ ಕರೆಂಟ್ ಇಲ್ದೆ 16 ಮಿಲಿಸೆಕೆಂಡ್ ಆಸುಪಾಸು ತಡ್ಕೊಳ್ಳುತ್ತೆ, ಫುಲ್ ಲೋಡಲ್ಲಿ. ಹಳೇದಾಗಿ ಕೆಪಾಸಿಟರ್ ಒಣಗಿದ್ರೆ ಅದೂ ಇಲ್ಲ. ಯುಪಿಎಸ್ ಮೋಡಲ್ಲಿಟ್ರೆ ನಮ್ಮ ಲೋ ವೋಲ್ಟೇಜಿಗೆ ಇನ್ವರ್ಟರ್ ಸುಮ್‌ಸುಮ್ನೆ ಬ್ಯಾಟರಿಗೆ ಹೋಗುತ್ತೆ, ಬ್ಯಾಟರಿ ಖಾಲಿ ಆಗುತ್ತೆ ಅಂತ ಹಾಕಿಕೊಡೋರೇ ನಾರ್ಮಲ್ಲಿಗೆ ತಳ್ಳಿ ಹೋಗಿರ್ತಾರೆ, ಫ್ಯಾನ್ ಲೈಟಿಗೆ ಅದೇ ಸರಿ. ಹಾಗಾಗಿ ಪಂಪ್ ಹಾಕಿದಾಗೆಲ್ಲ ಒಂದು ಕ್ಷಣ ಎಸ್‌ಎಂಪಿಎಸ್ ಉಸಿರು ಕಟ್ಟುತ್ತೆ, 12 ವೋಲ್ಟ್ ಚೂರು ಜಾರುತ್ತೆ, ಮದರ್‌ಬೋರ್ಡು ಅದನ್ನ ತಡ್ಕೊಳ್ಳುತ್ತೆ, ನೇರ ಸಾಟಾ ಪಿನ್ನಲ್ಲಿರೋ ಎರಡು ಡಿಸ್ಕೂ ತಡ್ಕೊಳ್ಳುತ್ತೆ, ಕಪ್ಪಾದ ಪಿನ್ನಿಂದಾಚೆ ಇರೋ ಎರಡಕ್ಕೆ ಮಾತ್ರ ಸಾಲಲ್ಲ. ಇನ್ವರ್ಟರ್ ಸರಿ ಇದೆ, ಎಸ್‌ಎಂಪಿಎಸ್ ಓಡ್ತಿದೆ, ಸ್ಪ್ಲಿಟರಲ್ಲೂ ಕರೆಂಟ್ ಬರ್ತಿದೆ, ಬಿಡಿ ಬಿಡಿಯಾಗಿ ಯಾವುದನ್ನ ಕೇಳಿದ್ರೂ ನಂದೇನೂ ತಪ್ಪಿಲ್ಲ ಅನ್ನುತ್ತೆ. ಮೂರೂ ಸೇರಿದಾಗ ಡಿಸ್ಕ್ ಹೊರಗೆ ಬೀಳುತ್ತೆ. ಅದಕ್ಕೇ ಹೊಸ ಡಿಸ್ಕ್ ಹಾಕಿದ್ರೆ ಒಂದಷ್ಟು ದಿನ ಚೆನ್ನಾಗಿರೋದು. ಪಂಪ್ ಕೆಲಸ ಇಲ್ಲದ ಮಳೆಗಾಲದಲ್ಲಿ ಕಮ್ಮಿ ಆಗಬೇಕಿತ್ತಲ್ಲ ಅಂತ ಯಾರೋ ಅಲ್ಲೇ ಕೇಳಿದ್ರು, ಒಳ್ಳೇ ಪ್ರಶ್ನೆ. ಮಳೆಗಾಲದಲ್ಲಿ ಪಂಪ್ ಇಲ್ಲ, ಆದ್ರೆ ಕರೆಂಟೇ ಹೋಗಿ ಬಂದು ಮಾಡ್ತಿರುತ್ತೆ, ಮರದ ಕೊಂಬೆ ಲೈನಿಗೆ ತಾಗ್ತಿರುತ್ತೆ, ಜೊತೆಗೆ ಥಂಡಿ.

ಥಂಡಿ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ, ಇದು ಬಯಲುಸೀಮೆಯವರಿಗೆ ಅರ್ಥ ಆಗದ ಸಂಗತಿ. ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಲೆಕ್ಕದಲ್ಲಿ ಮಳೆ, ಆರಿದ್ರಾ ಪುನರ್ವಸು ಪುಷ್ಯ ಮೂರು ಮಳೆ ಹಿಡ್ಕೊಂಡ್ರೆ ಬೆಲ್ಟು ಚಪ್ಪಲಿ ಕ್ಯಾಮೆರಾ ಲೆನ್ಸು ಎಲ್ಲಕ್ಕೂ ಬೂಷ್ಟು. 2016ರಲ್ಲಿ ಮೈಕ್ರೋಸಾಫ್ಟ್ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯದವರು ಸೇರಿ ಒಂದು ಅಧ್ಯಯನ ಮಾಡಿದ್ರು, ಎಸಿ ಬದಲು ಹೊರಗಿನ ಗಾಳೀಲೇ ತಂಪು ಮಾಡೋ ಡೇಟಾ ಸೆಂಟರ್‌ಗಳು ಸೇರಿ ಒಟ್ಟು ಒಂಬತ್ತರಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಡಿಸ್ಕ್. ಸಿಕ್ಕಿದ್ದೇನು ಅಂದ್ರೆ ಬಿಸಿಗಿಂತ ಗಾಳಿಯ ತೇವವೇ ದೊಡ್ಡ ಶತ್ರು, ಮತ್ತೆ ತೇವ ಜಾಸ್ತಿ ಇರೋ ಕಡೆ ಹೆಚ್ಚು ಕೆಟ್ಟಿದ್ದು ಡಿಸ್ಕಿನ ಒಳಗಿನ ಪ್ಲ್ಯಾಟರ್ ಅಲ್ಲ, ಕಂಟ್ರೋಲರ್ರು ಕನೆಕ್ಷನ್ನು, ಅಂದ್ರೆ ಲೋಹಕ್ಕೆ ಲೋಹ ತಾಗೋ ಜಾಗ. ತೀರ್ಥಹಳ್ಳಿ ಪಿನ್ ಕಪ್ಪಾಗಿದ್ದಕ್ಕೂ ಇದಕ್ಕೂ ತಾಳೆ ಹಾಕ್ಕೊಳ್ಳಿ, ಅವರ ಅಟ್ಟದ ಕೆಳಗೇ ಬಚ್ಚಲು, ಹಂಡೆ ಒಲೆ ಹೊಗೆ, ನೀರಿನ ಆವಿ ಎಲ್ಲಾ ನೇರ ಮೇಲಕ್ಕೆ.

ಇಲ್ಲೊಂದು ತಿರುಗುಮುರುಗು ಇದೆ. ಮಳೆಗಾಲದಲ್ಲಿ ಹಾಳಾಗುತ್ತೆ ಅಂತ ಜನ ಸರ್ವರ್ ಆಫ್ ಮಾಡಿ ಬಟ್ಟೆ ಮುಚ್ಚಿ ಇಡ್ತಾರೆ, ಅದೇ ಕೆಟ್ಟದ್ದು. ಹೊರಗಿನ ಗಾಳಿ 22 ಡಿಗ್ರಿ, ತೇವ 95 ಪರ್ಸೆಂಟ್ ಇದೆ ಅನ್ಕೊಳ್ಳಿ, ಅದೇ ಗಾಳಿ ಓಡ್ತಾ ಇರೋ ಪೆಟ್ಟಿಗೆ ಒಳಗೆ 35 ಡಿಗ್ರಿಗೆ ಬಿಸಿ ಆದ್ರೆ ಅದರ ತೇವ 45 ಪರ್ಸೆಂಟ್ ಹತ್ರಕ್ಕೆ ಇಳಿಯುತ್ತೆ, ನೀರು ಅಷ್ಟೇ ಇರುತ್ತೆ, ಆದ್ರೆ ಬಿಸಿ ಗಾಳಿ ಜಾಸ್ತಿ ನೀರು ಹಿಡ್ಕೊಳ್ಳುತ್ತೆ. ಅಂದ್ರೆ ಓಡ್ತಾ ಇರೋ ಮಷಿನ್ ತನ್ನನ್ನ ತಾನೇ ಒಣಗಿಸ್ಕೊಳ್ಳುತ್ತೆ. ಆಫ್ ಮಾಡಿಟ್ಟಿದ್ದು ಬೂಷ್ಟು ಹಿಡಿಯುತ್ತೆ. ಮಾಮೂಲಿ ಡಿಸ್ಕಿಗೆ ಉಸಿರಾಡೋಕೆ ಫಿಲ್ಟರ್ ಇರೋ ಸಣ್ಣ ತೂತು ಬೇರೆ ಇದೆ, ಅದನ್ನ ಮುಚ್ಚಬೇಡಿ ಅಂತ ಲೇಬಲ್ಲಲ್ಲೇ ಬರೆದಿರುತ್ತೆ, ಹೀಲಿಯಂ ತುಂಬಿದ ದೊಡ್ಡ ಡಿಸ್ಕಿಗೆ ಮಾತ್ರ ಪೂರ್ತಿ ಮೊಹರು. ಹಾಗಾಗಿ ನನ್ನ ಸಲಹೆ ಮಳೆಗಾಲದಲ್ಲಿ ಸರ್ವರ್ ಓಡ್ತಾನೇ ಇರಲಿ, ಬಚ್ಚಲಿಂದ ದೂರ, ಒಳಮನೇಲಿ. ಆಫ್ ಮಾಡಿಟ್ಟು ತಿಂಗಳುಗಟ್ಟಲೆ ಆದ್ಮೇಲೆ ಆನ್ ಮಾಡೋ ಮುಂಚೆ ಎಲ್ಲಾ ಕನೆಕ್ಟರನ್ನೂ ಎಳೆದು ಎರಡು ಮೂರು ಸಲ ಹಾಕಿ ತೆಗೆದು ಮಾಡಿ, ಅಷ್ಟಕ್ಕೇ ಎಷ್ಟೋ ಸಿಆರ್‌ಸಿ ಎರರ್ ನಿಂತಿದೆ. ಅಂದಹಾಗೆ 199ರ ಎಣಿಕೆ ಸೊನ್ನೆಗೆ ವಾಪಸ್ ಬರಲ್ಲ, ಎಷ್ಟಿದೆ ಅಂತ ನೋಡಬೇಡಿ, ಮುಂದಿನ ವಾರ ಏರಿದೆಯಾ ಅಂತ ನೋಡಿ.

ಸಿಡಿಲಿಗೆ ಮಾತ್ರ ಬೇರೆ ನಿಯಮ. ಏಪ್ರಿಲ್ ಮೇ ಗುಡುಗಿನ ಹೊತ್ತಲ್ಲಿ ಪ್ಲಗ್ ಎಳೀಬೇಕು, ಪ್ಲಗ್ ಎಳೆದು ಲ್ಯಾನ್ ಕೇಬಲ್ ಬಿಟ್ರೆ ಅರ್ಧ ಬಾಗಿಲು ಹಾಕಿದ ಹಾಗೆ, ಅದನ್ನೂ ಎಳೀರಿ. ಅರ್ಥಿಂಗ್ ನೋಡಿಸಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೇಲಿ ಒಣಗಿ ಕಲ್ಲಾಗಿರುತ್ತೆ, ಸಿಡಿಲು ಬರೋದೂ ಅದೇ ಹೊತ್ತಲ್ಲಿ. ಅರ್ಥ್ ಗುಂಡಿಗೆ ಬೇಸಿಗೇಲಿ ನೀರು ಹಾಕ್ತಾ ಇರಿ, ಮೀಟರಲ್ಲಿ 5 ಓಮ್ ಒಳಗೆ ಬಂದ್ರೆ ಒಳ್ಳೇದು. ತ್ರೀ ಫೇಸ್ ಇರೋ ಮನೇಲಿ ನ್ಯೂಟ್ರಲ್ ಕಡಿದ್ರೆ ಒಂದು ಫೇಸಿನ ಮೇಲೆ 400 ವೋಲ್ಟ್ ತನಕ ಏರಬಹುದು, ಮರ ಬಿದ್ದಾಗ ಇದು ಆಗುತ್ತೆ, ಡಿಬಿ ಬಾಕ್ಸಲ್ಲಿ ಓವರ್ ವೋಲ್ಟೇಜ್ ಕಟ್ ಮಾಡೋ ಸಾಧನ ಒಂದು ಹಾಕಿಸಿ, ಸರ್ವರಿಗೆ ಮಾತ್ರ ಅಲ್ಲ ಫ್ರಿಜ್ಜಿಗೂ ಆಯ್ತು.

ಅದುರೋದ್ರ ಬಗ್ಗೆ ಎರಡು ಮಾತು. 2008ರ ಕೊನೇಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಬ್ರೆಂಡನ್ ಗ್ರೆಗ್ ಅನ್ನೋರು ಓಡ್ತಾ ಇರೋ ಡಿಸ್ಕುಗಳ ಮುಂದೆ ನಿಂತು ಜೋರಾಗಿ ಕೂಗಿದ್ರು, ಕೂಗಿದ ಆ ಕ್ಷಣಕ್ಕೆ ಡಿಸ್ಕ್ ಉತ್ತರ ಕೊಡೋದು ತಡ ಆಗೋದು ಗ್ರಾಫಲ್ಲಿ ನೆಟ್ಟಗೆ ಕಾಣುತ್ತೆ, ವೀಡಿಯೋ ಇದೆ. ಹಾಗಾಗಿ ಗ್ರೈಂಡರ್ ಇಡೋ ಕಟ್ಟೆ ಮೇಲೆ, ಸೌಂಡ್ ಬಾಕ್ಸ್ ಪಕ್ಕ ಇಡಬೇಡಿ. ಆದ್ರೆ ಇದರಿಂದಲೇ ಡಿಸ್ಕ್ ಪದೇ ಪದೇ ಸಾಯೋದು ನಾನಂತೂ ಕಂಡಿಲ್ಲ, ಕೊನೇಲಿ ಅನುಮಾನ ಪಡಿ.

ಹುಡುಕೋ ಕ್ರಮ ಹೇಗೆ ಅಂತ ಕೇಳಿದ್ರು. ಒಂದು ನೋಟ್‌ಬುಕ್ ಇಡಿ. ಯಾವ ಸೀರಿಯಲ್ ನಂಬರಿನ ಡಿಸ್ಕ್ ಯಾವ ಸ್ಲಾಟಲ್ಲಿ, ಯಾವ ಕೇಬಲ್ಲಲ್ಲಿ, ಯಾವ ಪವರ್ ಬಾಯಲ್ಲಿ, ಯಾವತ್ತು ಹೊರಗೆ ಬಿತ್ತು, ಆವತ್ತು ಕರೆಂಟ್ ಹೋಗಿತ್ತಾ ಮಳೆ ಇತ್ತಾ. ಆಮೇಲೆ ಬ್ಯಾಕಪ್ ಇದೆ ಅಂತ ಖಾತ್ರಿ ಮಾಡ್ಕೊಂಡು ಒಂದೊಂದೇ ಬದಲಾಯಿಸಿ. ಡಿಸ್ಕನ್ನ ಬೇರೆ ಸ್ಲಾಟಿಗೆ ಹಾಕಿದಾಗ ತೊಂದರೆ ಡಿಸ್ಕಿನ ಹಿಂದೆ ಹೋಯ್ತಾ, ಅದು ಡಿಸ್ಕ್. ಸ್ಲಾಟಲ್ಲೇ ಉಳೀತಾ, ಅದು ಪೆಟ್ಟಿಗೆ. ಒಟ್ಟಿಗೇ ಕೇಬಲ್ಲೂ ಎಸ್‌ಎಂಪಿಎಸ್ಸೂ ಡಿಸ್ಕೂ ಬದಲಾಯಿಸಿದ್ರೆ ಸರಿ ಆಗಬಹುದು, ಯಾಕೆ ಸರಿ ಆಯ್ತು ಅಂತ ಮಾತ್ರ ಯಾವತ್ತೂ ಗೊತ್ತಾಗಲ್ಲ. ಲಾಗಲ್ಲಿ ಮೀಡಿಯಾ ಎರರ್, ಯುಎನ್‌ಸಿ ಅಂತ ಬಂದ್ರೆ ಡಿಸ್ಕಿನ ಮೈ, ಲಿಂಕ್ ರೀಸೆಟ್ ಅಂತ ಮತ್ತೆ ಮತ್ತೆ ಬಂದ್ರೆ ದಾರಿ ಇಲ್ಲಾ ಪವರ್.

ಡಿಸ್ಕೇ ಕಾರಣ ಆಗೋ ಸಂದರ್ಭ ಇಲ್ವಾ ಅಂದ್ರೆ ಇದೆ. ಒಂದೇ ದಿನ ಒಂದೇ ಬ್ಯಾಚಿಂದು ನಾಲ್ಕು ತಂದ್ರೆ ಒಂದರ ರೋಗ ನಾಲ್ಕಕ್ಕೂ ಇರಬಹುದು. ಎಸ್‌ಎಂಆರ್ ಅಂತ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಟ್ರ್ಯಾಕ್ ಬರೆಯೋ ಡಿಸ್ಕ್ ಬರುತ್ತೆ, ಒಮ್ಮೆಗೇ ಬಹಳ ಬರೆದ್ರೆ ಒದ್ದಾಡುತ್ತೆ, ರೀಬಿಲ್ಡಲ್ಲಿ ಟೈಮ್‌ಔಟಾಗಿ ಹೊರಗೆ ಬೀಳುತ್ತೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನವರು ನ್ಯಾಸಿಗೆ ಅಂತ ಮಾರೋ ರೆಡ್ ಡಿಸ್ಕುಗಳಲ್ಲೂ 2ರಿಂದ 6 ಟಿಬಿವರೆಗಿನ ಕೆಲವು ಎಸ್‌ಎಂಆರ್ ಅಂತ ಒಪ್ಕೊಂಡ್ರು, ದೊಡ್ಡ ಗಲಾಟೆ ಆಯ್ತು. ಮಾಡೆಲ್ ನಂಬರ್ ಹಿಡಿದು ನೋಡಿ ತಗೊಳ್ಳಿ. ಇನ್ನು ಹಳೇದನ್ನ ಹೊಸದು ಅಂತ ಮಾರೋದು, 2025ರ ಶುರುವಲ್ಲಿ ಜರ್ಮನೀಲಿ ಬಯಲಾಯ್ತು, ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕುಗಳನ್ನ ಸ್ಮಾರ್ಟಿನ ಗಂಟೆ ಸೊನ್ನೆ ಮಾಡಿ ಯಾರೋ ಮಧ್ಯದವರು ಮಾರಿದ್ರು. ಸೀಗೇಟಲ್ಲಿ ಫಾರ್ಮ್ ಅಂತ ಇನ್ನೊಂದು ಲಾಗ್ ಇದೆ, ಅದ್ರಲ್ಲಿ ನಿಜವಾದ ಗಂಟೆ ಉಳ್ಕೊಂಡಿತ್ತು, ಅದ್ರಿಂದಲೇ ಸಿಕ್ಕಿಬಿದ್ದಿದ್ದು. ಸ್ಮಾರ್ಟ್‌ಮಾನ್‌ಟೂಲ್ಸ್‌ನ ಹೊಸ ಆವೃತ್ತೀಲಿ ನೀವೂ ಓದಬಹುದು. ಯಾವ ಡಿಸ್ಕ್ ಬಂದ್ರೂ ಡೇಟಾ ಹಾಕೋ ಮುಂಚೆ ಒಂದು ಲಾಂಗ್ ಟೆಸ್ಟ್, ಒಂದು ಪೂರ್ತಿ ಬರೆದು ಓದೋ ಟೆಸ್ಟ್. ಬಸ್ಸಲ್ಲಿ ಪಾರ್ಸೆಲ್ ಹಾಕಿ ಘಾಟಿ ಹತ್ತಿಸಿ ತಂದಿದ್ರೆ ಕಡ್ಡಾಯ.

ರೇಡ್ 5 ಈಗಿನ ದೊಡ್ಡ ಡಿಸ್ಕಿಗೆ ಆಗಲ್ವಂತೆ, ರೀಬಿಲ್ಡ್ ಮಾಡುವಾಗ ಗ್ಯಾರಂಟಿ ಎರರ್ ಬರುತ್ತಂತೆ ಅಂತ ಒಬ್ರು ಹುಡುಗರು ಕೇಳಿದ್ರು. ಆ ಲೆಕ್ಕ ಬರೋದು ಡಿಸ್ಕಿನ ಸ್ಪೆಸಿಫಿಕೇಶನ್ನಿಂದ, 10ರ ಘಾತ 14 ಬಿಟ್ ಓದಿದ್ರೆ ಒಂದು ಎರರ್, ಅಂದ್ರೆ ಸುಮಾರು 12.5 ಟಿಬಿಗೆ ಒಂದು. ಅದು ಇದಕ್ಕಿಂತ ಕೆಟ್ಟದಾಗಿರಲ್ಲ ಅನ್ನೋ ಮಾತು, ಪ್ರತಿ 12.5 ಟಿಬಿಗೆ ಎರರ್ ಬಂದೇ ಬರುತ್ತೆ ಅಂತಲ್ಲ, ಹಾಗಿದ್ರೆ ತಿಂಗಳಿಗೊಮ್ಮೆ ಸ್ಕ್ರಬ್ ಮಾಡೋರಿಗೆಲ್ಲ, ಅಂದ್ರೆ ಎಲ್ಲಾ ಡಿಸ್ಕನ್ನೂ ಪೂರ್ತಿ ಓದಿಸಿ ಪರೀಕ್ಷೆ ಮಾಡೋರಿಗೆ, ಪ್ರತಿ ಸಲವೂ ಗೋಳು ಇರ್ತಿತ್ತು. ಹೆದರಿಕೆ ಸ್ವಲ್ಪ ಜಾಸ್ತಿ ಆಯ್ತು ಅಂತ ನನಗೆ ಅನ್ಸುತ್ತೆ. ಆದ್ರೂ ಹೊಸದಾಗಿ ಮಾಡೋರು ನಾಲ್ಕು ಡಿಸ್ಕಲ್ಲಿ ಎರಡು ಹೋದ್ರೂ ತಡೆಯೋ ರೇಡ್ 6 ಮಾಡಿ, ಇಲ್ಲಾ ಎರಡೇ ದೊಡ್ಡ ಡಿಸ್ಕ್ ತಗೊಂಡು ಮಿರರ್ ಮಾಡಿ, ಎರಡರಲ್ಲೂ ಅದೇ ಡೇಟಾ, ಬಿಚ್ಚೋದು ಕಟ್ಟೋದು ಸುಲಭ.

ಇನ್ನೊಬ್ರು, ತಿರುಗೋ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಹಾಕಿದ್ರೆ ಈ ರಗಳೆನೇ ಇಲ್ವಲ್ಲ ಸಾರ್ ಅಂದ್ರು. ಟಿಕ್ ಅನ್ನೋ ಸದ್ದು ಇರಲ್ಲ, ಪವರ್ ಕುಸಿದ್ರೆ ಅದಕ್ಕೂ ಆಗಲ್ಲ. ಕಪಾಟಲ್ಲಿ ಇಟ್ಟು ಮರೆಯೋಕೂ ಒಳ್ಳೇದಲ್ಲ, ಬರೆದು ಬರೆದು ಸವೆದ ಮಾಮೂಲಿ ಎಸ್‌ಎಸ್‌ಡಿ ಕರೆಂಟ್ ಇಲ್ದೆ 30 ಡಿಗ್ರೀಲಿ ಒಂದು ವರ್ಷ ಡೇಟಾ ಹಿಡ್ಕೊಂಡ್ರೆ ಸಾಕು ಅಂತ ಮೆಮೊರಿ ಚಿಪ್ ಕಂಪನಿಗಳ ಜೆಡೆಕ್ ಸಂಘದ ಮಾನದಂಡವೇ ಹೇಳುತ್ತೆ. ಹೊಸದು ಇನ್ನೂ ಜಾಸ್ತಿ ಹಿಡ್ಕೊಳ್ಳುತ್ತೆ, ಅದು ಬೇರೆ ಮಾತು.

ಕೊನೇಲಿ ತೀರ್ಥಹಳ್ಳೀಲಿ ಏನ್ ಮಾಡಿದ್ರಿ, ಎಷ್ಟಾಯ್ತು ಅಂತ ಕೇಳಿದ್ರು. ಸಾಟಾ ಪಿನ್ ಸಾಕಷ್ಟಿರೋ ಒಂದು ಹೊಸ ಎಸ್‌ಎಂಪಿಎಸ್, ಹೊಸ ಡೇಟಾ ಕೇಬಲ್ಲು, ಇನ್ವರ್ಟರ್ ಹಾಗೇ ನಾರ್ಮಲ್ಲಲ್ಲೇ ಬಿಟ್ಟು ಸರ್ವರಿಗೆ ಮಾತ್ರ ಬೇರೆ ಒಂದು ಸಣ್ಣ ಲೈನ್ ಇಂಟರಾಕ್ಟಿವ್ ಯುಪಿಎಸ್, ಯುಎಸ್‌ಬಿ ಕೇಬಲ್ ಹಾಕಿ ಬ್ಯಾಟರಿ ಇಳಿದಾಗ ತಾನೇ ನೆಟ್ಟಗೆ ಶಟ್‌ಡೌನ್ ಆಗೋ ಹಾಗೆ. ಪೆಟ್ಟಿಗೆ ಅಟ್ಟದಿಂದ ಇಳಿದು ಒಳಗಿನ ಕೋಣೆಗೆ ಬಂತು. ಇಷ್ಟರ ಖರ್ಚು ಅವರು ತರಬೇಕು ಅಂತಿದ್ದ ಹೊಸ ಎರಡು ಡಿಸ್ಕಿನ ದುಡ್ಡಿಗಿಂತ ಕಮ್ಮಿ. ಹಳೇ ಎರಡು ಡಿಸ್ಕಲ್ಲಿ ಲಾಂಗ್ ಟೆಸ್ಟ್ ಸಲೀಸಾಗಿ ಪಾಸಾಗಿದ್ದು ವಾಪಸ್ ರೇಡಿಗೆ ಹೋಯ್ತು. ಸೆಕ್ಟರ್ ಕಾಯ್ತಾ ಇದ್ದಿದ್ದನ್ನ ನಾನೇ ಬೇಡ ಅಂದೆ, ಅದನ್ನ ಅವರು ಎಡಿಟಿಂಗ್ ಪಿಸೀಲಿ ತಾತ್ಕಾಲಿಕ ಫೈಲಿಗೆ ಇಟ್ಕೊಂಡಿದಾರೆ, ಅದರ ಬದಲಿಗೆ ಒಂದು ಡಿಸ್ಕ್ ತರಲೇಬೇಕಾಯ್ತು. ಬ್ಯಾಕಪ್ಪಿಗೆ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕ್ ಒಂದು ಸಾಗರದಲ್ಲಿರೋ ಅವರ ಭಾವನ ಮನೇಲಿದೆ, ಹಬ್ಬಕ್ಕೆ ಹೋದಾಗೆಲ್ಲ ತಂದು ಕಾಪಿ ಮಾಡಿ ಕಳಿಸ್ತಾರೆ. 192ರ ಎಣಿಕೆ ಏರ್ತಿದೆಯಾ ಅಂತ ನೋಡಿ ಹೇಳಿ ಅಂದಿದ್ದೆ, ಈ ಮಳೆಗಾಲದಲ್ಲಿ ನಿಂತಲ್ಲೇ ನಿಂತಿದೆ ಅಂತೆ.